ಹಾಳೆಯ ಹಿಂಬದಿ

ಜನವರಿ 8

ಮರಿ,

ಈ ಪೊಟ್ಟಣ ಬಿಚ್ಚುವ ಮೊದಲು ಕೈ ತೊಳೆದುಕೋ. ಒಳಗಿರುವ ಪುಟ್ಟ ಡ್ರೈವ್‌ನಲ್ಲಿ ನಮ್ಮ ಕಾರ್ಟೂನ್ ಚಿತ್ರ ಇದೆ. ಒಂಬತ್ತು ನಿಮಿಷ. ನಾಲ್ಕೂವರೆ ವರ್ಷದ ಸಂಜೆಗಳು. ಹಗಲೆಲ್ಲ ಹೊಟ್ಟೆಪಾಡಿನ ಗೀಚಾಟ, ಐದು ಗಂಟೆಯ ಮೇಲೆ ಇದು. ನಮ್ಮ ಕೋಣೆಯಲ್ಲಿ ಈಗ ಐದು ಜನ ಇದ್ದೇವೆ: ನಾನು, ಬಣ್ಣ ತುಂಬುವವಳು, ಬೀದಿ ಕಟ್ಟಡ ಬರೆಯುವ ಅಣ್ಣತಮ್ಮಂದಿರಿಬ್ಬರು, ಮತ್ತೆ ಪಾತ್ರಗಳ ಬಾಯಿ ಬರೆಯುವುದರಲ್ಲೇ ತಲೆ ನರೆಸಿಕೊಂಡ ನಮ್ಮ ತುಟಿ ಮೇಷ್ಟ್ರು.

ಕಥೆ ನಿನಗೆ ಗೊತ್ತಿರುವುದೇ. ಚಿತ್ರಮಂದಿರದ ಮೆಟ್ಟಿಲಡಿಯಲ್ಲಿ ಕೀಲಿಕೈ ಮಾಡುವ ಒಂದು ಅಂಗಡಿ, ಅದರಲ್ಲೊಬ್ಬ ಹೆಂಗಸು. ಒಬ್ಬ ಹುಡುಗಿ ಯಾರಿಂದಲೂ ತೆರೆಯಲಾಗದ ಪೆಟ್ಟಿಗೆ ಹೊತ್ತುಕೊಂಡು ಬರುತ್ತಾಳೆ. ಯಾರೂ ಹಾರುವುದಿಲ್ಲ, ಯಾರೂ ಯಾರಿಗೂ ಗುದ್ದುವುದಿಲ್ಲ. ಆ ಕಟ್ಟಡ ಕೆಡವಿ ಅಮ್ಮನ ಅಂಗಡಿ ಹೋದಾಗ ನಿನಗೆ ಆರು ವರ್ಷ, ನನಗೆ ಹದಿನೈದು. ನಿನಗೆಷ್ಟು ನೆನಪಿದೆಯೋ ಗೊತ್ತಿಲ್ಲ. ಅಮ್ಮ ಹೇಗೆ ಕೂರುತ್ತಿದ್ದಳೋ, ಕೀಲಿಕೈ ಉಜ್ಜುವ ಅರ ಹೇಗೆ ಹಿಡಿಯುತ್ತಿದ್ದಳೋ ಹಾಗೆಯೇ ಬರೆದಿದ್ದೇನೆ. ಅವಳು ನನ್ನ ಬೆನ್ನ ಹಿಂದೆ ನಿಂತು, "ನನ್ ಮೂಗು ಅಷ್ಟು ದೊಡ್ಡದಿಲ್ಲ, ಅಳಿಸು" ಅಂತ ನಾಲ್ಕು ಸಲ ಅಳಿಸಿಸಿದಳು.

ನಿಮ್ಮ ಚಾನೆಲ್ಲಿನಲ್ಲಿ ಸಂಜೆ ಐದೂವರೆಯ ಮಕ್ಕಳ ಹೊತ್ತು ಖಾಲಿಯಾಗುತ್ತಿದೆ ಎಂದು ನೀನೇ ಹೇಳಿದ್ದೆ. ನೀನು ಖರೀದಿ ವಿಭಾಗದಲ್ಲಿದ್ದೀಯ. ನನಗೆ ವಶೀಲಿ ಬೇಡ. ಒಂದೇ ಕೆಲಸ ಮಾಡು. ಕೂತು ಪೂರ್ತಿ ನೋಡು, ಆಮೇಲೆ ಸರಿಯಾದ ಮೇಜಿನ ಮೇಲೆ ಇಡು. ಇದು ಒಪ್ಪಿಗೆಯಾದರೆ ಇನ್ನೂ ಹನ್ನೆರಡು ಕಥೆ ತಲೆಯಲ್ಲಿವೆ. ಆಗ ಪರರ ಗೊಂಬೆಗಳ ಕೈಕಾಲು ಅಲ್ಲಾಡಿಸುವ ಕೂಲಿಯನ್ನು ಬಿಟ್ಟು ನಮ್ಮದನ್ನೇ ಮಾಡಿಕೊಂಡು ಬದುಕಬಹುದು.

ಎಂದಿನಂತೆ ರದ್ದಿ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಆ ಕಡೆ ಇರುವುದು ಕೂಲಿ ಕೆಲಸದ ಗೀಟು. ಯಾರಿಗಾಗಿ ಏನು ಬರೆಯುತ್ತೇವೆ ಎಂದು ಬಾಯಿ ಬಿಡುವುದಿಲ್ಲ ಅಂತ ಏಜೆಂಟನಿಗೆ ಸಹಿ ಹಾಕಿ ಕೊಟ್ಟಿದ್ದೇವೆ, ಆದ್ದರಿಂದ ತಿರುಗಿಸಿ ನೋಡಬೇಡ. ಫೋನ್ ಮಾಡಿದರೆ "ಮೀಟಿಂಗ್‌ನಲ್ಲಿದ್ದೀನಿ" ಅನ್ನುತ್ತೀಯ. ಕಾಗದಕ್ಕೆ ಹಾಗನ್ನಲು ಆಗುವುದಿಲ್ಲವಲ್ಲ.

ಅಕ್ಕ


ಜನವರಿ 30

ಅಕ್ಕಾ,

ಪೊಟ್ಟಣ ತಲುಪಿತು. ಚಿತ್ರ ನೋಡಿದೆ. ತುಂಬಾ ಚೆನ್ನಾಗಿದೆ. ಬಣ್ಣಗಳಂತೂ ಕಣ್ಣಿಗೆ ಹಬ್ಬ. ಮೂಗು ಸರಿಯಾಗಿಯೇ ಇದೆ ಎಂದು ಅಮ್ಮನಿಗೆ ಹೇಳು.

ಆಯ್ಕೆ ಸಮಿತಿಯ ಪಟ್ಟಿಗೆ ಸೇರಿಸಿದ್ದೇನೆ. ಅಲ್ಲಿ ಮಾತಾಡುವಷ್ಟು ದೊಡ್ಡವನು ನಾನಿನ್ನೂ ಆಗಿಲ್ಲ, ಟಿಪ್ಪಣಿ ಬರೆದುಕೊಡುವವನು ಅಷ್ಟೆ. ಈಗ ಹೊರಗಿನ ಕಂಪನಿಗಳ ಮೂಟೆ ಬಂದು ಬಿದ್ದಿದೆ. ದಿನಕ್ಕೆ ಇಪ್ಪತ್ತು ಕಂತು ನೋಡಿ ಅಂಕ ಹಾಕಬೇಕು. ಕಿಟಕಿಯಿಲ್ಲದ ಕೋಣೆ, ಮೂರು ಪರದೆ, ಒಂದು ಮುರುಕು ಕುರ್ಚಿ. ಕನಸಿನಲ್ಲೂ ಯಾರಾದರೊಬ್ಬರು ಕಟ್ಟಡದಿಂದ ಧುಮುಕುತ್ತಿರುತ್ತಾರೆ.

ಸಮಯ ಬೇಕು, ಅವಸರ ಮಾಡಬೇಡ.

ಮರಿ


ಫೆಬ್ರವರಿ 5

ಮರಿ,

ನಿನ್ನ ಕಾಗದವನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಬಣ್ಣದವಳು "ಕಣ್ಣಿಗೆ ಹಬ್ಬ" ಎಂಬುದನ್ನು ಎರಡು ಸಲ ಓದಿಸಿದಳು. ತುಟಿ ಮೇಷ್ಟ್ರು ಮಾತ್ರ, "ಬಾಯಿ ವಿಚಾರ ಏನೂ ಬರ್ದಿಲ್ವಾ?" ಅಂದರು. ಅವರಿಗೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ.

ನನಗೆ ಒಂದು ಹೇಳು. ಮೂರನೇ ನಿಮಿಷ ಬಂದಾಗ ನಿನಗೆ ಏನನಿಸಿತು? ಆ ಜಾಗ ನೋಡಿ ಅಮ್ಮ ಎದ್ದು ಒಳಗೆ ಹೋದಳು. ಹತ್ತು ನಿಮಿಷ ಹೊರಗೆ ಬರಲೇ ಇಲ್ಲ. ಆಮೇಲೆ ಬಂದು, "ಈರುಳ್ಳಿ ಹೆಚ್ಚುತ್ತಿದ್ದೆ" ಅಂದಳು. ಮನೆಯಲ್ಲಿ ಅವತ್ತು ಈರುಳ್ಳಿಯೇ ಇರಲಿಲ್ಲ.

ಅಕ್ಕ


ಮಾರ್ಚ್ 22

ಮರಿ,

ಆರು ವಾರ ಕಾದೆ. ನಿನ್ನ ಉತ್ತರ ಬರಲಿಲ್ಲ, ನಿಮ್ಮ ಚಾನೆಲ್ಲಿನದು ಬಂತು. ನಾಲ್ಕೇ ಸಾಲು. ಕೆಳಗೆ ಒಂದು ಸಹಿ ಕೂಡ ಇಲ್ಲ, ರಬ್ಬರ್ ಮೊಹರು ಅಷ್ಟೆ. ನೀನೂ ಓದು: "ನಿಮ್ಮ ಚಿತ್ರವನ್ನು ಕೂಲಂಕಷವಾಗಿ ವೀಕ್ಷಿಸಲಾಯಿತು. ಪ್ರಯತ್ನ ಶ್ಲಾಘನೀಯ. ಆದರೆ ಪಾತ್ರಗಳ ಚಲನೆಯಲ್ಲಿ ಮತ್ತು ಸೂಕ್ಷ್ಮ ಭಾವಾಭಿವ್ಯಕ್ತಿಯಲ್ಲಿ ನಮ್ಮ ಪ್ರೇಕ್ಷಕರು ಬಯಸುವ ಗುಣಮಟ್ಟವನ್ನು ಇಲ್ಲಿನ ಕಲಾವಿದರಿಂದ ಸದ್ಯಕ್ಕೆ ನಿರೀಕ್ಷಿಸಲಾಗದು. ಧನ್ಯವಾದಗಳು."

ವೀಕ್ಷಿಸಲಾಯಿತು. ಯಾರು ವೀಕ್ಷಿಸಿದ್ದು? ನಿರೀಕ್ಷಿಸಲಾಗದು. ಯಾರ ಕೈಲಿ ಆಗದು? ಇಂಥ ಕಾಗದಗಳಲ್ಲಿ ಯಾರೂ ಏನೂ ಮಾಡಿರುವುದಿಲ್ಲ, ಎಲ್ಲ ತನ್ನಷ್ಟಕ್ಕೆ ತಾನೇ ಆಗಿಬಿಟ್ಟಿರುತ್ತದೆ. ಬೇಡ ಅನ್ನುವ ಹಕ್ಕು ನಿಮಗಿದೆ. ಕಥೆ ಸಪ್ಪೆ ಅನ್ನಿ, ಉದ್ದ ಅನ್ನಿ, ನಮಗೆ ಹಿಡಿಸಲಿಲ್ಲ ಅನ್ನಿ, ತಲೆ ಬಗ್ಗಿಸಿ ಕೇಳುತ್ತೇನೆ. ಆದರೆ ಇಪ್ಪತ್ತಾರು ವರ್ಷ ಪೆನ್ಸಿಲ್ ಹಿಡಿದ ಕೈಗೆ "ನಿಮ್ಮಂಥವರಿಂದ ಆಗದು" ಎಂದು ಹೇಳಿದವನು ಯಾರು? ಅವನ ಮುಖ ನೋಡಬೇಕು ನನಗೆ.

ಇವತ್ತು ಪತ್ರಿಕೆಯಲ್ಲಿ ನಿಮ್ಮ ಜಾಹೀರಾತೂ ಬಂದಿದೆ. ಕತ್ತಿಗೆ ನೀಲಿ ಟವೆಲ್ ಕಟ್ಟಿಕೊಂಡು ಹಾರುವ ಒಬ್ಬ ಮಹಾಶಯ ಆಗಸ್ಟಿನಿಂದ ಸಂಜೆ ಐದೂವರೆಗೆ ಲೋಕ ಕಾಪಾಡಲಿದ್ದಾನಂತೆ. ಅವನನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ, ಅದಕ್ಕೆ ನನ್ನವೇ ಕಾರಣಗಳಿವೆ. ಇಷ್ಟು ಹೇಳು ಸಾಕು: ನಮ್ಮದನ್ನು ಬಿಟ್ಟು ಅವನನ್ನೇ ಯಾಕೆ ತಂದಿರಿ?

ತುಟಿ ಮೇಷ್ಟ್ರು ಆ ಕಾಗದ ಓದಿ, ಕನ್ನಡಕ ಒರೆಸಿಕೊಂಡು ಮನೆಗೆ ಹೋದರು. ನನಗೆ ಉರಿಯುತ್ತಿರುವುದು ಅದಕ್ಕೇ.

ಅಕ್ಕ


ಏಪ್ರಿಲ್ 3

ಅಕ್ಕಾ,

ಕೋಪ ಮಾಡಿಕೊಳ್ಳಬೇಡ. ಯಾಕೆ ಎಂದು ಕೇಳಿದ್ದೀಯ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನೀನು ಒಂದು ಕಂತು ಕಳಿಸಿದೆ. ಹೊರಗಿನ ಕಂಪನಿಯವರು ಐವತ್ತೆರಡು ಕಂತು ಒಟ್ಟಿಗೆ ಕಳಿಸುತ್ತಾರೆ. ನಮ್ಮ ಭಾಷೆಯ ದನಿ ಅಂಟಿಸಿದರೆ ಆಯಿತು, ಎರಡು ತಿಂಗಳಲ್ಲಿ ಪರದೆಗೆ ಬರುತ್ತದೆ. ನಾವೇ ಹೊಸದಾಗಿ ಮಾಡಿಸಿದರೆ ಎರಡು ವರ್ಷ ಕಾಯಬೇಕು, ಖರ್ಚು ಹತ್ತು ಪಟ್ಟು. ಅಷ್ಟು ಮಾಡಿದ ಮೇಲೂ ಮಕ್ಕಳು ನೋಡುತ್ತಾರೋ ಇಲ್ಲವೋ ದೇವರೇ ಬಲ್ಲ. ನೀಲಿ ಟವೆಲಿನವನಾದರೆ ಮಕ್ಕಳ ಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ, ಚಪ್ಪಲಿಯ ಮೇಲೆ ಆಗಲೇ ಕೂತಿದ್ದಾನೆ. ನಮ್ಮಲ್ಲಿಗೆ ಬರುವ ಮೊದಲೇ ಮಕ್ಕಳಿಗೆ ಅವನ ಪರಿಚಯ. ಜಾಹೀರಾತಿನವರು ಅವನ ಹೆಸರು ಕೇಳಿದ ಕೂಡಲೇ ಸಹಿ ಹಾಕುತ್ತಾರೆ.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಂಡು ತಂದದ್ದು ಬಿದ್ದುಹೋದರೆ "ಎಲ್ಲಾ ಕಡೆ ಓಡಿತ್ತು, ಇಲ್ಲಿ ಓಡ್ಲಿಲ್ಲ" ಅಂದರಾಯಿತು. ನಾವೇ ಮಾಡಿಸಿದ್ದು ಬಿದ್ದರೆ ಒಬ್ಬರ ಕುರ್ಚಿ ಹೋಗುತ್ತದೆ. ನಮ್ಮ ಮುಖ್ಯಸ್ಥೆ ಕೆಟ್ಟವರೇನಲ್ಲ. ಅವರಿಗೂ ಕುರ್ಚಿ ಬೇಕು.

ಆದರೆ ಗುಣಮಟ್ಟದ ಮಾತು ಪೂರ್ತಿ ಸುಳ್ಳಲ್ಲ ಅಕ್ಕಾ. ಒಂದು ಉದಾಹರಣೆ ಕೊಡುತ್ತೇನೆ. ಟವೆಲಿನವನ ಏಳನೇ ಕಂತಿನಲ್ಲಿ ಒಬ್ಬ ಮುದುಕಿ ಅವನಿಗೆ ಒಂದು ಕೀಲಿಕೈ ಕೊಡುತ್ತಾಳೆ. ಕಥೆಗೆ ಏನೂ ಅಲ್ಲದ ಪಾತ್ರ, ನಾಲ್ಕು ಕ್ಷಣ ಬಂದು ಹೋಗುತ್ತಾಳೆ. ಆದರೆ ಕೊಡುವ ಮೊದಲು ಆ ಕೀಲಿಕೈಯನ್ನು ಕೆಳತುಟಿಗೆ ಮೆಲ್ಲಗೆ ತಾಗಿಸಿ ನೋಡುತ್ತಾಳೆ. ಯಾಕೆಂದು ಗೊತ್ತಿಲ್ಲ, ಇಡೀ ಕೋಣೆ ಪರದೆಯತ್ತ ಬಾಗಿತು. ಮುಖ್ಯಸ್ಥೆ, "ನೋಡಿ, ಇದು ಗಮನಿಸೋದು ಅಂದ್ರೆ. ನಮ್ಮೋರು ಇಂಥದ್ದು ಯಾಕೆ ಗಮನಿಸಲ್ಲ?" ಅಂದರು. ನನಗೂ ಹೌದೆನ್ನಿಸಿತು.

ಮುಂದಿನ ವರ್ಷ ನೋಡೋಣ. ಅಮ್ಮನ ಮಂಡಿನೋವು ಹೇಗಿದೆ?

ಮರಿ


ಏಪ್ರಿಲ್ 9

ಮರಿ,

ನಿನ್ನ ಕಾಗದದ ಆ ಭಾಗವನ್ನು ಅಮ್ಮನಿಗೆ ಓದಿದೆ. ಅವಳು ಕೊಕ್ಕೆಯಿಂದ ಮನೆಯ ಕೀಲಿಕೈ ತೆಗೆದು ಕೆಳತುಟಿಗೆ ತಾಗಿಸಿದಳು. "ಅರ ಹಾಕಿದ್ಮೇಲೆ ಅಂಚಲ್ಲಿ ಸಣ್ಣ ಮುಳ್ಳು ಉಳಿಯುತ್ತೆ. ಬೆರಳು ಜಡ್ಡುಗಟ್ಟಿರುತ್ತಲ್ಲ, ಗೊತ್ತಾಗಲ್ಲ. ತುಟಿಗೆ ಗೊತ್ತಾಗುತ್ತೆ. ಅವ್ನು ನನ್ ಪಕ್ಕದಲ್ಲೇ ತಗಡಿನ ಡಬ್ಬದ ಮೇಲೆ ಕೂತ್ಕೊಂಡು ದಿನಾ ನೋಡ್ತಿದ್ನಲ್ಲ" ಅಂದಳು. ಆಮೇಲೆ ಕೀಲಿಕೈಯನ್ನು ಕೊಕ್ಕೆಗೆ ಹಾಕಿ, "ಅವ್ನು ನಿನ್ ಚಿತ್ರ ನೋಡೇ ಇಲ್ಲ ಬಿಡು" ಅಂದಳು.

ನಮ್ಮ ಚಿತ್ರದ ಮೂರನೇ ನಿಮಿಷದಲ್ಲಿ ಇರುವುದೇ ಅದು. ಅದೇ ಕೀಲಿಕೈ, ಅದೇ ತುಟಿ. ನೋಡಿದ್ದವನು ಅದನ್ನು ನನಗೇ ಉದಾಹರಣೆಯಾಗಿ ಬರೆದು ಕಳಿಸುತ್ತಿರಲಿಲ್ಲ.

ಬಣ್ಣಗಳು ಕಣ್ಣಿಗೆ ಹಬ್ಬ ಅಂತೆ. ನಿನ್ನ ಹಬ್ಬಕ್ಕಿಷ್ಟು ಬೆಂಕಿ ಹಾಕ.

ಅಕ್ಕ


ಏಪ್ರಿಲ್ 17

ಅಕ್ಕಾ,

ಹೌದು. ನೋಡಿರಲಿಲ್ಲ. ಶುರುವಿನ ಒಂದೂವರೆ ನಿಮಿಷ ನೋಡಿ, ಆಮೇಲೆ ಸಾವಧಾನವಾಗಿ ನೋಡೋಣವೆಂದು ಎತ್ತಿಟ್ಟೆ. ಆ ಸಾವಧಾನ ಬರಲೇ ಇಲ್ಲ. ನಿನಗೆ ಸುಳ್ಳು ಬರೆದೆ.

ನಿನ್ನೆ ಕಚೇರಿಯ ಬಾಗಿಲು ಹಾಕಿಕೊಂಡು ಪೂರ್ತಿ ನೋಡಿದೆ. ಮೂರನೇ ನಿಮಿಷ ಬಂದಾಗ ಆ ತಗಡಿನ ಡಬ್ಬದ ಬಿಸಿ ಕೂಡ ನೆನಪಾಯಿತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಆಮೇಲೆ ಮೈಯೆಲ್ಲ ಉರಿಯಿತು. ಅಕ್ಕಾ, ಅವರು ಕದ್ದಿದ್ದಾರೆ. ನೀನು ಚಿತ್ರವನ್ನು ಬೇರೆ ಕಡೆಯೂ ಕಳಿಸಿರುತ್ತೀಯಲ್ಲ, ಅಲ್ಲಿಂದ ಎತ್ತಿದ್ದಾರೆ. ಅಷ್ಟು ದೊಡ್ಡ ಕಂಪನಿ, ನಾಚಿಕೆಯಿಲ್ಲದೆ ನಮ್ಮ ಅಮ್ಮನ ಕೈಯನ್ನು ಕದ್ದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕುರುಡರಿಗೂ ಕಾಣುತ್ತದೆ. ಸೋಮವಾರ ನಮ್ಮ ವಕೀಲರ ಮುಂದೆ ಇಡುತ್ತೇನೆ. ನನ್ನ ತಪ್ಪನ್ನು ಇಷ್ಟಾದರೂ ತೊಳೆದುಕೊಳ್ಳುತ್ತೇನೆ.

ಮರಿ


ಏಪ್ರಿಲ್ 21

ಮರಿ,

ವಕೀಲರ ಹತ್ತಿರ ಹೋಗಬೇಡ. ಯಾರಿಗೂ ಏನೂ ಹೇಳಬೇಡ. ಈ ಕಾಗದ ನಾಳೆಯೇ ನಿನ್ನ ಕೈಗೆ ಸೇರುವ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಜನವರಿಯಿಂದ ನಾನು ಬರೆದ ಕಾಗದಗಳನ್ನೆಲ್ಲ ತೆಗೆದು ತಿರುಗಿಸಿ ನೋಡು. ನೋಡಬೇಡ ಅಂದಿದ್ದೆ, ಈಗ ನೋಡು.

ಅಕ್ಕ


ಏಪ್ರಿಲ್ 28

ಅಕ್ಕಾ,

ವಕೀಲರ ಹತ್ತಿರ ಹೋಗಲಿಲ್ಲ. ಹನ್ನೊಂದು ಹಾಳೆ. ಎಲ್ಲದರಲ್ಲೂ ಪೆನ್ಸಿಲಿನ ಗೀಟು, ಮೂಲೆಯಲ್ಲಿ ಒಂದೊಂದು ಸಂಖ್ಯೆ. ಒಂದರಲ್ಲಿ ಟವೆಲಿನವನ ಭುಜ, ಎದೆಯ ಮೇಲಿನ ಅವನ ಗುರುತು. ಉಳಿದವುಗಳಲ್ಲಿ ಅಮ್ಮ. ಸಂಖ್ಯೆ ನೋಡಿ ಜೋಡಿಸಿ ಹೆಬ್ಬೆರಳಿನಿಂದ ಸರಸರ ಬಿಟ್ಟೆ. ನಡುವೆ ಕೆಲವು ಹಾಳೆ ಇಲ್ಲ. ಆದರೂ ಕೈ ಮೇಲೆದ್ದು ತುಟಿಗೆ ತಾಗಿತು, ಬಾಯಿ ಏನೋ ಅಂದಿತು.

ಅಂದರೆ ನೀವೇ. ಅವರ ಏಜೆಂಟ್, ಅವನ ಕೆಳಗೆ ಇನ್ನೊಬ್ಬ ಏಜೆಂಟ್, ಅವನ ಕೆಳಗೆ ನಿಮ್ಮ ಕೋಣೆ. ನಾವು ಹೊರಗಿನದೆಂದು ಕೊಂಡು ತಂದದ್ದು ನೀನು ಮಾಡಿದ್ದು.

ಇನ್ನೊಂದು ವಿಷಯ ಬಚ್ಚಿಟ್ಟಿದ್ದೆ. ನೀನು ಯಾರ ಮುಖ ನೋಡಬೇಕು ಅಂದೆಯೋ ಅದು ನನ್ನದು. ಆ ನಾಲ್ಕು ಸಾಲು ಬರೆದವನು ನಾನೇ. ಸಮಿತಿಗೆ ಚಿತ್ರ ತೋರಿಸಲೇ ಇಲ್ಲ. ಟವೆಲಿನವನ ಒಪ್ಪಂದ ಅಷ್ಟರಲ್ಲಿ ಆಗಿಹೋಗಿತ್ತು, ನಿನ್ನದಕ್ಕೂ ಪಟ್ಟಿಯಲ್ಲಿ ಉಳಿದ ಹದಿನೇಳು ಚಿತ್ರಗಳಿಗೂ ಅದೇ ಸಾಲು ಕಳಿಸು ಅಂದರು. ಕಳಿಸಿದೆ. ನಿನ್ನ ವಿಳಾಸವನ್ನು ನನ್ನ ಕೈಯಾರೆ ಬರೆದೆ. ನಿನಗೆ ಬೇರೆ ಏನಾದರೂ ಬರೆದಿದ್ದರೆ ಅಕ್ಕನಿಗೆ ಬೇರೆ ನ್ಯಾಯ ಅನ್ನುತ್ತಾರೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಹನ್ನೊಂದು ಹಾಳೆಯನ್ನು ಅವರ ಮೇಜಿನ ಮೇಲೆ ಹರಡಲೇ? ಒಂದು ಮಾತು ಹೇಳು.

ಮರಿ


ಮೇ 4

ಮರಿ,

ಹರಡಬೇಡ. ಹರಡಿದ ದಿನವೇ ನಮ್ಮ ಕೋಣೆಗೆ ಬೀಗ ಬೀಳುತ್ತದೆ. ತುಟಿ ಮೇಷ್ಟ್ರಿಗೆ ಅರವತ್ತೊಂದು ವರ್ಷ, ಎಲ್ಲಿಗೆ ಹೋಗುತ್ತಾರೆ? ರದ್ದಿ ಹಾಳೆ ಸುಡಬೇಕೆಂದು ಒಪ್ಪಂದದಲ್ಲಿತ್ತು. ಒಳ್ಳೆಯ ಕಾಗದ ಸುಡಲು ಮನಸ್ಸು ಬರದೆ ನಿನಗೆ ಬರೆದೆ. ಆ ತಪ್ಪು ನನ್ನದು.

ಏಜೆಂಟ್ ಕೊಟ್ಟ ದೃಶ್ಯದ ನಕ್ಷೆಯಲ್ಲಿ "ಮುದುಕಿ ಕೀಲಿಕೈ ಕೊಡುತ್ತಾಳೆ" ಎಂದಷ್ಟೇ ಇತ್ತು. ನಮ್ಮ ಚಿತ್ರ ಎಲ್ಲೂ ಬೆಳಕು ಕಾಣದಿದ್ದರೆ ಅಮ್ಮನ ಕೈಯಾದರೂ ಒಂದು ಕಡೆ ಉಳಿಯಲಿ ಎಂದು ಸೇರಿಸಿದೆ. ಯಾರೂ ಗಮನಿಸಲಿಲ್ಲ, ಹಾಗೇ ಹೋಯಿತು. ನನ್ನ ಕೈಯಿಂದಲೇ ಆದದ್ದನ್ನು ತೋರಿಸಿ ನಿನ್ನ ಕೈಲಿ ಆಗುವುದಿಲ್ಲ ಅಂದಿರಿ ನೀವು. ಇದನ್ನು ನೆನೆಸಿಕೊಂಡರೆ ಪೆನ್ಸಿಲ್ ಮುರಿಯುವಷ್ಟು ಸಿಟ್ಟು ಬರುತ್ತದೆ. ಈ ವಾರ ಮೂರು ಮುರಿದಿದ್ದೇನೆ.

ನಿನ್ನ ಮೇಲೂ ಇದೆ ಸಿಟ್ಟು. ಸಾಲು ಬರೆದದ್ದಕ್ಕಿಂತ ನೋಡದೆ ಬರೆದದ್ದಕ್ಕೆ. ಹದಿನೇಳು ಮನೆಗಳಲ್ಲಿ ಯಾರ್‍ಯಾರು ಕನ್ನಡಕ ಒರೆಸಿಕೊಂಡರೋ. ನೀನು ಮಾಡಬೇಕಾದ್ದು ಇಷ್ಟೆ. ಎಲ್ಲರೂ ಕೂತಿರುವಾಗ ಎದ್ದು ನಿಂತು, "ನಾನು ನೋಡದೆ ಬರೆದೆ" ಎಂದು ಹೇಳು. ಆಮೇಲೆ ಒಂಬತ್ತು ನಿಮಿಷ ಅವರನ್ನು ಕೂರಿಸು.

ಅಕ್ಕ


ಜೂನ್ 14

ಅಕ್ಕಾ,

ಹೇಳಿದೆ. ಎದ್ದು ನಿಂತೇ ಹೇಳಿದೆ. ಹದಿನೆಂಟನ್ನೂ ನೋಡದೆ ತಿರಸ್ಕರಿಸಿದ್ದೇವೆ, ಬರೆದವನು ನಾನು, ಒಂದನ್ನಾದರೂ ಈಗ ನೋಡಿ ಅಂದೆ. ಮುಖ್ಯಸ್ಥೆ ಗಡಿಯಾರ ನೋಡಿಕೊಂಡು, "ಸರಿ, ಹಾಕಿ" ಅಂದರು.

ಒಂಬತ್ತು ನಿಮಿಷ ಯಾರೂ ಫೋನ್ ಮುಟ್ಟಲಿಲ್ಲ. ಮೂರನೇ ನಿಮಿಷದಲ್ಲಿ ಮುಖ್ಯಸ್ಥೆ ತಲೆಯೆತ್ತಿ ನನ್ನನ್ನು ನೋಡಿದರು. ಮುಗಿದ ಮೇಲೆ ಮೆಲ್ಲಗೆ, "ಚೆನ್ನಾಗಿದೆ. ಆ ಕೀಲಿಕೈದು ಮಾತ್ರ ನಮ್ಮ ಸೀರಿಯಲ್ ನೋಡಿ ಕಾಪಿ ಹೊಡೆದಿದ್ದಾರೆ" ಅಂದರು.

ಅಕ್ಕಾ, ಆ ಕ್ಷಣ ನನ್ನ ಚೀಲದಲ್ಲಿ ಹನ್ನೊಂದೂ ಹಾಳೆ ಇದ್ದವು. ತುಟಿ ಮೇಷ್ಟ್ರನ್ನು ನೆನೆಸಿಕೊಂಡು ಹಲ್ಲು ಕಚ್ಚಿ ಕೂತೆ. ಜಾಹೀರಾತಿನವರು, "ಚೀಲದ ಮೇಲೆ ಯಾರ ಚಿತ್ರ ಹಾಕೋದು, ಈ ಹೆಂಗಸಿಂದಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಿತು.

ಮರುವಾರ ನನ್ನನ್ನು ದನಿ ಅಂಟಿಸುವ ವಿಭಾಗಕ್ಕೆ ಎತ್ತಿ ಹಾಕಿದರು. ಈಗ ನೆಲಮಾಳಿಗೆಯಲ್ಲಿ ಕೂತು ಟವೆಲಿನವನ ಬಾಯಿಗೆ ಮಾತು ತುಂಬುತ್ತಿದ್ದೇನೆ. ನಿನ್ನೆ ಏಳನೇ ಕಂತು ಬಂತು. ಮುದುಕಿಗೆ ಕೊಟ್ಟಿರುವ ಮಾತು "ಹೋಗು ವೀರಾ, ಲೋಕವನ್ನು ಕಾಪಾಡು." ದನಿ ಕೊಡುವ ಕಲಾವಿದೆ ಹತ್ತೊಂಬತ್ತು ಸಲ ಹೇಳಿದರು. ಮಾತು ಮುಗಿದ ಮೇಲೂ ತುಟಿ ಆಡುತ್ತಲೇ ಇರುತ್ತದೆ. "ಈ ಮುದುಕಿ ಬೇರೆ ಏನೋ ಅಂತಿದ್ದಾಳೆ" ಎಂದು ಸಿಡುಕಿ ಎದ್ದು ಹೋದರು.

ನಾನು ಒಬ್ಬನೇ ಕೂತು ಆ ತುಟಿಯನ್ನೇ ನೋಡಿದೆ. ಹತ್ತನೆಯ ಸಲಕ್ಕೆ ಹೊಳೆಯಿತು. ಮೈಕಿನ ಮುಂದೆ ನಿಂತು ನಾನೇ ಹೇಳಿದೆ, ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. "ಕೂರ್ಲಿಲ್ಲ ಅಂದ್ರೆ ವಾಪಸ್ ತಗೊಂಡ್ ಬಾ, ಇಲ್ಲೇ ಇರ್ತೀನಿ." ಹೊಸ ಕೀಲಿಕೈ ಕೊಡುವಾಗ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅಮ್ಮ ಹೇಳುತ್ತಿದ್ದ ಮಾತು. ಅದನ್ನೇ ಅವಳ ಬಾಯಲ್ಲಿ ಬರೆಸಿದ್ದೀಯ.

ನನ್ನ ದನಿ ಗಂಡಸಿನದು, ಆಗುವುದಿಲ್ಲ. ಅಮ್ಮನನ್ನು ಬಸ್ಸು ಹತ್ತಿಸು. ಮಂಡಿನೋವಿದ್ದರೆ ಎರಡು ಮಹಡಿ ನಾನೇ ಹೊತ್ತು ಇಳಿಸುತ್ತೇನೆ.

ಮರಿ


ಆಗಸ್ಟ್ 18

ಮರಿ,

ನಿನ್ನೆ ಐದೂವರೆಗೆ ಏಳನೇ ಕಂತು ಬಂತು. ಕೋಣೆಯ ಎಲ್ಲರೂ ನಮ್ಮ ಮನೆಗೇ ಬಂದಿದ್ದರು. ಬಣ್ಣದವಳು ಕುರ್ಚಿ ಸಾಲದೆ ನೆಲದ ಮೇಲೆ ಕೂತಳು. ಅಮ್ಮ ದನಿ ಕೊಡಲು ನಿನ್ನೂರಿಗೆ ಹೋದಾಗ ಉಟ್ಟಿದ್ದ ಸೀರೆಯನ್ನೇ ಉಟ್ಟು ಮುಂದೆ ಕೂತಿದ್ದಳು. ನೀನು ಅವಳನ್ನು ಮೆಟ್ಟಿಲ ಮೇಲೆ ಹೊತ್ತದ್ದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ನಿನ್ನ ಮೇಲಿನ ಅರ್ಧ ಸಿಟ್ಟನ್ನು ಅದಕ್ಕಾಗಿ ಬಿಟ್ಟಿದ್ದೇನೆ.

ಆ ಜಾಗ ಬಂತು. ಕೈ ಎದ್ದಿತು, ತುಟಿಗೆ ತಾಗಿತು. ಅಮ್ಮನ ದನಿ ಅಮ್ಮನ ಬಾಯಿಂದ ಬಂತು. ತುಟಿ ಮೇಷ್ಟ್ರು ಬಿಕ್ಕಿಬಿಕ್ಕಿ ಅತ್ತರು. ನಲವತ್ತು ವರ್ಷದಲ್ಲಿ ಅವರು ಬರೆದ ಬಾಯಿಗೆ ಸರಿಯಾದ ಮಾತು ಸಿಕ್ಕಿದ್ದು ಅದೊಂದೇ ಸಲವಂತೆ.

ಕೊನೆಗೆ ಹೆಸರುಗಳು ಬಂದವು. ನೀವು ಪರದೆಯನ್ನು ಅರ್ಧ ಮಾಡಿ ಒಂದು ಕಡೆ ಚೀಲದ ಜಾಹೀರಾತು ಹಾಕಿದಿರಿ, ಇನ್ನೊಂದು ಕಡೆ ಹೆಸರುಗಳು ಇರುವೆಗಳ ಹಾಗೆ ಓಡಿಹೋದವು. ಅಮ್ಮ ಎದ್ದು ಪರದೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನಿಂತಳು.

"ಎಲ್ಲಿದೆ ನಿನ್ ಹೆಸ್ರು?" ಅಂದಳು.

"ಇಲ್ಲಮ್ಮ."

"ಇವ್ರದ್ದು?" ಎಂದು ಮೇಷ್ಟ್ರ ಕಡೆ ಕೈ ಮಾಡಿದಳು.

"ಯಾರದ್ದೂ ಇರಲ್ಲಮ್ಮ. ನಿಂದೂ ಇಲ್ಲ."

ಅವಳು ಟಿವಿ ಆರಿಸಿದಳು. ಆಮೇಲೆ ಅಂಗಡಿಯಲ್ಲಿ ಹಳೆಯ ಗಿರಾಕಿಯ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು. "ಅವ್ನಿಗೆ ಬರಿ. ಇದು ಕೂರ್ಲಿಲ್ಲ. ವಾಪಸ್ ತಗೊಂಡ್ ಹೋಗು ಅನ್ನು."

ಆದ್ದರಿಂದ ನಿಮ್ಮ ಉತ್ತರ ಕೂರಲಿಲ್ಲ ಎಂದು ಬರೆದು ನಮ್ಮ ಚಿತ್ರವನ್ನು ಮತ್ತೆ ಕಳಿಸುತ್ತಿದ್ದೇನೆ. ನಿನಗಲ್ಲ, ಚಾನೆಲ್ಲಿಗೆ, ಮುಖ್ಯಸ್ಥೆಯ ಹೆಸರಿಗೆ. ಅವರು ಬೇಡ ಅಂದರೆ ಮುಂದಿನ ತಿಂಗಳು ಮತ್ತೆ ಕಳಿಸುತ್ತೇನೆ, ಅದರ ಮುಂದಿನ ತಿಂಗಳೂ. ಅಮ್ಮ ಹೇಳಿದ ಮೇಲೆ ಬೇರೆ ಮಾತಿಲ್ಲ. ಪ್ರತಿ ಸಲ ಯಾರು ನೋಡಿದರು, ಎಷ್ಟು ನಿಮಿಷ ನೋಡಿದರು ಎಂದು ಕೆಳಗೆ ಹೆಸರು ಬರೆದು ಸಹಿ ಹಾಕಿ ಕಳಿಸಬೇಕೆಂದು ಕೇಳಿದ್ದೇನೆ. ಇನ್ನು ಹದಿನೇಳು ಜನರ ವಿಳಾಸ ನಿನ್ನ ಹತ್ತಿರ ಇದೆಯಲ್ಲ, ನನಗೆ ಬೇಕು. ಅವರಿಗೂ ಹೀಗೇ ಮಾಡಿ ಎಂದು ಬರೆಯುತ್ತೇನೆ.

ಇದು ಹೊಸ ಹಾಳೆ, ಅಂಗಡಿಯಿಂದ ತಂದದ್ದು. ಹಿಂಬದಿಯಲ್ಲಿ ನಮ್ಮ ಎರಡನೇ ಕಥೆಯ ಮೊದಲ ಚಿತ್ರ ಇದೆ, ಕೆಳಗೆ ನಮ್ಮ ಐದೂ ಜನರ ಹೆಸರಿದೆ. ತಿರುಗಿಸಿ ನೋಡು.

ಅಕ್ಕ